ಲಾಕ್‌ಹಾರ್ಟಿನ ಕೆಂಡ, ಹುಣಸೂರಿನ ಹೊಗೆ

ನಮ್ಮ ಐಟಿ ಮಂದಿಗೆ ಬಾರ್ಬೆಕ್ಯೂ ಅಂದರೆ ಟೀಮ್ ಲಂಚ್. ಮೇಜಿನ ನಡುವೆ ಕೆಂಡ, ಅದರ ಮೇಲೆ ಕಂಬಿಗೆ ಚುಚ್ಚಿದ ಪನೀರ್, ಕೋಳಿ. ಬಿಲ್ ಕಂಪನಿಯದು ಅನ್ನುವ ಧೈರ್ಯದಲ್ಲಿ ಹೊಟ್ಟೆ ಬಿರಿಯುವಷ್ಟು ತಿಂದು, ಮಧ್ಯಾಹ್ನದ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ತೂಕಡಿಸುವುದು. ಪುಣೆಗೆ ಬಂದು ಹದಿಮೂರು ವರ್ಷ ನಾನೂ ಹಾಗೇ ತಿಳಿದಿದ್ದೆ.

ಪ್ರಾಜೆಕ್ಟಿಗೆಂದು ಮೂರು ತಿಂಗಳು ಟೆಕ್ಸಾಸಿನ ಆಸ್ಟಿನ್‌ಗೆ ಹೋದಾಗ ಗೊತ್ತಾಯಿತು, ಅಲ್ಲಿನವರು ಇದನ್ನು ಬಾರ್ಬೆಕ್ಯೂ ಅಂತ ಒಪ್ಪುವುದೇ ಇಲ್ಲ. ಕೆಂಡದ ಮೇಲಿಟ್ಟು ಸುಡುವುದು ಗ್ರಿಲ್. ಬಾರ್ಬೆಕ್ಯೂನಲ್ಲಿ ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ. ನಡುವೆ ಓಡಾಡುವುದು ಬಿಸಿಗಾಳಿ ಮತ್ತು ಹೊಗೆ. ಪೋಸ್ಟ್ ಓಕ್ ಮರದ ಸೌದೆ, ಶಾಖ ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್. ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಗಟ್ಟಿ ಮಾಂಸ, ಹೀಗೆ ಹನ್ನೆರಡು ಗಂಟೆಗೂ ಮೇಲೆ ಬೇಯುತ್ತದೆ. ನಾನು ತಿಂದೆನೋ ಬಿಟ್ಟೆನೋ ಬರೆಯುವುದಿಲ್ಲ, ಈ ಪತ್ರಿಕೆಯನ್ನು ಅಮ್ಮ ಓದುತ್ತಾರೆ. ಟರ್ಕಿ ಚೆನ್ನಾಗಿತ್ತು.

ಒಂದು ಶನಿವಾರ ಐವತ್ತು ಕಿಲೋಮೀಟರ್ ದೂರದ ಲಾಕ್‌ಹಾರ್ಟ್‌ಗೆ ಹೋದೆ. ಟೆಕ್ಸಾಸಿನ ಬಾರ್ಬೆಕ್ಯೂ ರಾಜಧಾನಿ ಎಂದು ಅಲ್ಲಿನ ಶಾಸನಸಭೆಯೇ ಘೋಷಿಸಿದ ಪುಟ್ಟ ಊರು. ಹತ್ತೊಂಬತ್ತನೇ ಶತಮಾನದಲ್ಲಿ ಆ ಸೀಮೆಗೆ ವಲಸೆ ಬಂದ ಜರ್ಮನ್, ಚೆಕ್ ಮಾಂಸದಂಗಡಿಯವರು ಮಾರಾಟವಾಗದೆ ಉಳಿದದ್ದನ್ನು ಕೆಡದಂತೆ ಹೊಗೆಯಲ್ಲಿ ಬೇಯಿಸಿಡುತ್ತಿದ್ದರು. ಹತ್ತಿ ಬಿಡಿಸುವ ಕೂಲಿಯವರು ಕಾಗದದಲ್ಲಿ ಕಟ್ಟಿಸಿಕೊಂಡು ಅಲ್ಲೇ ತಿನ್ನುತ್ತಿದ್ದರು. ಇವತ್ತಿಗೂ ತೂಗಿ, ಕಾಗದದ ಮೇಲೆ ಹಾಕಿಕೊಡುತ್ತಾರೆ. 1900ರಲ್ಲಿ ಶುರುವಾದ ಕ್ರೈಟ್ಸ್ ಮಾರ್ಕೆಟ್‌ನ ಹಳೆಯ ನಿಯಮ: ಫೋರ್ಕ್ ಇಲ್ಲ, ಕೈಯಲ್ಲೇ ತಿನ್ನಬೇಕು. ನಮಗೆ ಹೇಳಿಕೊಡಬೇಕೇ!

ಆ ಅಂಗಡಿಗೆ ಒಂದು ಮನೆಜಗಳದ ಕಥೆಯಿದೆ. ಅಪ್ಪ ವ್ಯಾಪಾರವನ್ನು ಗಂಡುಮಕ್ಕಳಿಗೆ, ಕಟ್ಟಡವನ್ನು ಮಗಳಿಗೆ ಬಿಟ್ಟುಹೋದರು. ಹೊಂದಾಣಿಕೆಯಾಗಲಿಲ್ಲ. 1999ರಲ್ಲಿ ಅಣ್ಣ ಅಂಗಡಿಯ ಹೆಸರನ್ನು ಎತ್ತಿಕೊಂಡು ಬೇರೆ ಕಡೆ ಹೊಸ ಕಟ್ಟಡಕ್ಕೆ ಹೋದ. ಹೋಗುವ ದಿನ ಹಳೇ ಒಲೆಯ ಕೆಂಡವನ್ನು ತಗಡಿನ ತೊಟ್ಟಿಗೆ ತುಂಬಿ, ಬೀದಿಯಲ್ಲಿ ಎಳೆದುಕೊಂಡು ಹೋಗಿ ಹೊಸ ಒಲೆ ಹೊತ್ತಿಸಿದರು. ಹಳೇ ಕಟ್ಟಡದಲ್ಲಿ ತಂಗಿ ಅಪ್ಪನ ಅಡ್ಡಹೆಸರಿನಲ್ಲಿ ಸ್ಮಿಟೀಸ್ ತೆರೆದಳು. ನಾನು ಅದೇ ದಿನ ಎರಡೂ ಕಡೆ ತಿಂದೆ. ಸ್ಮಿಟೀಸ್‌ನ ಗೋಡೆಗಳು ಮಸಿ ಹಿಡಿದು ಕಪ್ಪಾಗಿವೆ. ಒಳಹೋಗುವ ದಾರಿಯಲ್ಲೇ, ಕಾಲ ಬುಡದಲ್ಲಿ, ಸೌದೆ ಉರಿಯುತ್ತಿರುತ್ತದೆ. ಅಲ್ಲಿ ನಿಂತಾಗ ಮೂಗಿಗೆ ಬಡಿದದ್ದು ನಮ್ಮ ಬ್ಯಾರನ್ ವಾಸನೆ.

ನಮ್ಮದು ಹುಣಸೂರು ಸೀಮೆ, ಹೊಗೆಸೊಪ್ಪಿನ ನಾಡು. ಸೊಪ್ಪು ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್‌ನಲ್ಲಿ ತೂಗುಹಾಕಿ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಂದೊಂದೇ ಡಿಗ್ರಿ ಏರಿಸಬೇಕು. ಅವಸರ ಮಾಡಿದರೆ ವರ್ಷದ ದುಡಿಮೆ ಹೋಯಿತು. ಅಪ್ಪ, ಚಿಕ್ಕಪ್ಪ ಸರದಿ ಮೇಲೆ ಕೂರುತ್ತಿದ್ದರು. ನಾವು ಮಕ್ಕಳು ಬೂದಿಯಲ್ಲಿ ಗೆಣಸು ಹೂಳುತ್ತಿದ್ದೆವು. ನಾನು ಪಿಯುಸಿಯಲ್ಲಿದ್ದಾಗ ಒಲೆ ಬೇರೆಯಾಯಿತು. ಬ್ಯಾರನ್ ಚಿಕ್ಕಪ್ಪನ ಪಾಲಿಗೆ, ಲೈಸೆನ್ಸ್ ಅಪ್ಪನ ಹೆಸರಲ್ಲಿ. ಒಂದಿಲ್ಲದೆ ಇನ್ನೊಂದು ಉಪಯೋಗವಿಲ್ಲ, ಇಬ್ಬರೂ ಬಿಡಲಿಲ್ಲ. ಕೆಂಡ ಹೊತ್ತುಕೊಂಡು ಹೋಗುವ ಬುದ್ಧಿ ಯಾರಿಗೂ ಬರಲಿಲ್ಲ.

ಪುಣೆಗೆ ವಾಪಸಾದವನೇ ಮುಚ್ಚಳವಿರುವ ಗ್ರಿಲ್ ತರಿಸಿದೆ. ಇಲ್ಲಿ ಸೌದೆ ಡಿಪೋಗೆ ವಖಾರ್ ಅನ್ನುತ್ತಾರೆ. ಅಲ್ಲಿಂದ ಮಾವಿನ ಸೌದೆ ತಂದೆ. ಸೊಸೈಟಿಯ ತಾರಸಿಗೆ ಅನುಮತಿ ಪಡೆದದ್ದು ವೀಸಾಕ್ಕಿಂತ ಕಷ್ಟ. ಒಂದೂಮುಕ್ಕಾಲು ಕಿಲೋದ ಮೇಕೆ ತೊಡೆಗೆ ಉಪ್ಪು, ಕಾಳುಮೆಣಸು ಸವರಿ ಇಟ್ಟೆ. ಎರಡು ಗಂಟೆ ಸರಿಯಾಗಿತ್ತು. ಆಮೇಲೆ ಮಾಂಸದೊಳಗಿನ ಥರ್ಮಾಮೀಟರ್ 68ಕ್ಕೆ ನಿಂತುಬಿಟ್ಟಿತು. ಹಾಗೆ ನಿಲ್ಲುವುದು ಸಹಜ: ಮಡಕೆಯ ನೀರು ತಣ್ಣಗಾಗುವಂತೆ, ಮೇಲಿನ ತೇವ ಆರುತ್ತಾ ಮಾಂಸವನ್ನು ತಣಿಸುತ್ತಿರುತ್ತದೆ. ಅದನ್ನು ದಾಟಿದ ಮೇಲೇ ಗಟ್ಟಿ ನಾರು ಕರಗಿ ಅಂಟಂಟಾಗಿ ಮೆತ್ತಗಾಗುವುದು. ಇದೆಲ್ಲ ಓದಿದ್ದೆ. ಆದರೂ ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದೆ, ಸೌದೆ ತುರುಕಿದೆ. ಹೊರಗೆ ಇದ್ದಿಲು, ಒಳಗೆ ಚಪ್ಪಲಿ.

ಬೆಂಕಿ ಕಾಯುವುದು ಬಲ್ಲವನು ಈ ಊರಿನಲ್ಲಿ ಒಬ್ಬನೇ: ಚಿಕ್ಕಪ್ಪನ ಮಗ. ಚಾಕಣ್‌ನಲ್ಲಿ ಕೆಲಸ. ಆರು ವರ್ಷದಿಂದ ಇದೇ ಊರಲ್ಲಿದ್ದರೂ ಮದುವೆಮನೆಗಳಲ್ಲಿ ತಲೆಯಾಡಿಸುವಷ್ಟೇ ಬಳಕೆ. ಫೋನ್ ಮಾಡಿ ನಾಲ್ಕು ದಿನ ಯೋಚಿಸಿದ್ದೆ ಅನ್ನುವುದನ್ನು ಬಿಟ್ಟು ಬೇರೆಲ್ಲ ಹೇಳಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಂದ. ಸೌದೆ ಮುಟ್ಟಿ ನೋಡಿ, "ಹಸಿ ಐತೆ ಅಣ್ಣ" ಅಂದ. ಆರಿದ್ದನ್ನಷ್ಟೇ ಆರಿಸಿಕೊಂಡು, ಕೆಳಗಿನ ಗಾಳಿಕಂಡಿ ಅರ್ಧ ಮುಚ್ಚಿ, ಗೋಡೆಗೊರಗಿ ಕೂತ. ಮಾತಿಲ್ಲ. ಥರ್ಮಾಮೀಟರ್ 68ಕ್ಕೆ ನಿಂತಾಗ ನನ್ನ ಕೈ ಮುಚ್ಚಳಕ್ಕೆ ಹೋಯಿತು.

"ಬಿಡು ಅಣ್ಣ, ಅದರ ಪಾಡಿಗೆ ಅದು ಆಯ್ತದೆ."

ಮತ್ತೆ ಅರ್ಧ ಗಂಟೆ ಮೌನ. "ಬ್ಯಾರನ್ ಬಿದ್ದೋಯ್ತಂತಲ್ಲ?" ಅಂದೆ.

"ಒಂದು ಗೋಡೆ ಐತೆ. ಅಪ್ಪ ಕೆಡವಕ್ಕೆ ಬಿಡ್ತಿಲ್ಲ."

ಸಂಜೆ ನಾಲ್ಕಕ್ಕೆ ಮೂಳೆ ಎಳೆದರೆ ತಾನಾಗಿ ಬಂತು. ಪೇಪರ್ ಹಾಸಿ ಕೈಯಲ್ಲೇ ತಿಂದೆವು. ಚಿಕ್ಕಪ್ಪ ಕಣ್ಣಿನ ಆಪರೇಷನ್‌ಗೆಂದು ಬಂದು ಅವನ ಮನೆಯಲ್ಲೇ ಇದ್ದಾರೆ ಅನ್ನುವುದು ಆಗ ಗೊತ್ತಾಯಿತು. ಡಬ್ಬಿಗೆ ಒಂದಷ್ಟು ತುಂಬಿಸಿಕೊಟ್ಟೆ.

"ಯಾರು ಮಾಡಿದ್ದು ಅಂತ ಕೇಳಿದ್ರೆ?"

"ನಾನೇ ಅಂತೀನಿ. ಬೆಂಕಿ ಕಾದೋನು ನಾನೇ ತಾನೆ?"

ರಾತ್ರಿ ಹತ್ತಕ್ಕೆ ಅವನ ನಂಬರಿನಿಂದ ಫೋನ್ ಬಂತು. ಇಪ್ಪತ್ತು ವರ್ಷದಿಂದ ಕೇಳದ ಧ್ವನಿ.

"ಉಪ್ಪು ಒಂಚೂರು ಜಾಸ್ತಿ ಆಗೈತಲ್ಲೋ."