ದೊಡ್ಡವರ ಜಗಳ ತಪ್ಪುವುದು ಹೇಗೆ? ಸೊಲ್ಲಾಪುರದ ಕೋಟೆ ಹೇಳುವ ಪಾಠ

ಮೊದಲಿನಿಂದ ಬಲಾಢ್ಯವಾಗಿರುವ ಒಂದು ರಾಷ್ಟ್ರ, ಅದರ ಸಮಕ್ಕೆ ಬೆಳೆಯುತ್ತಿರುವ ಇನ್ನೊಂದು ರಾಷ್ಟ್ರ. ಇವುಗಳ ನಡುವೆ ಯುದ್ಧ ತಪ್ಪಿಸಲು ಸಾಧ್ಯವೇ? ಅಮೆರಿಕ ಮತ್ತು ಚೀನಾದ ಬಗ್ಗೆ ಇಂದು ಕೇಳಿಬರುವ ಪ್ರಶ್ನೆ ಇದು. ಕಳೆದ 500 ವರ್ಷಗಳ ಇಂಥ 16 ಪ್ರಸಂಗಗಳಲ್ಲಿ 12 ಯುದ್ಧದಲ್ಲಿ ಮುಗಿದವು, 4ರಲ್ಲಿ ಯುದ್ಧ ತಪ್ಪಿತು ಎಂದು ಅಮೆರಿಕದ ವಿದ್ವಾಂಸ ಗ್ರಹಾಂ ಆಲಿಸನ್ 2017ರ ತಮ್ಮ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾರೆ.

ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಕುಂಭಾರಿಯಿಂದ ಸೊಲ್ಲಾಪುರಕ್ಕೆ ಹೋದರೆ ಸಿದ್ಧೇಶ್ವರ ಕೆರೆಯ ಪಕ್ಕದಲ್ಲಿ ಕೋಟೆ ಇದೆ. ಬಹಮನಿ ರಾಜ್ಯ ಒಡೆದ ಮೇಲೆ ಬಿಜಾಪುರದ ಆದಿಲ್‌ಶಾಹಿ, ಅಹ್ಮದ್‌ನಗರದ ನಿಜಾಮ್‌ಶಾಹಿ ಎರಡೂ ಈ ಗಡಿಕೋಟೆಗಾಗಿ ಹೊಡೆದಾಡಿದವು.

1524ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ ತನ್ನ ತಂಗಿಯನ್ನು ಬುರ್ಹಾನ್ ನಿಜಾಮ್ ಶಾನಿಗೆ ಕೊಟ್ಟು ಮದುವೆ ಮಾಡಿದ. ವರದಕ್ಷಿಣೆಯಾಗಿ ಸೊಲ್ಲಾಪುರ ಕೋಟೆ ಕೊಡುವ ಮಾತಾಗಿತ್ತು ಎಂದಿತು ಅಹ್ಮದ್‌ನಗರ. ಅಂಥ ಮಾತೇ ಆಗಿಲ್ಲ ಎಂದಿತು ಬಿಜಾಪುರ. ಮರುವರ್ಷವೇ ಯುದ್ಧ. ಮುಂದೆ ಸುಮಾರು 40 ವರ್ಷ ಜಗಳ ಆರಲಿಲ್ಲ.

1564ರ ಹೊತ್ತಿಗೆ ಕೋಟೆ ಅಹ್ಮದ್‌ನಗರದ ವಶದಲ್ಲಿತ್ತು. ಆಗ ಹುಸೇನ್ ನಿಜಾಮ್ ಶಾ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾನಿಗೆ ಮದುವೆ ಮಾಡಿ, ಕೋಟೆಯನ್ನು ಬಿಟ್ಟುಕೊಟ್ಟ. ಹಳೆಯ ವೈರಿಗಳು ಒಂದಾದರು. ಎರಡು ಸಲವೂ ಬೀಗತನವಿತ್ತು. ಎರಡನೇ ಸಲ ಮಾತ್ರ ಜಗಳದ ಮೂಲವೇ ಇತ್ಯರ್ಥವಾಯಿತು.

ಆದರೆ ಈ ಒಪ್ಪಂದಕ್ಕೆ ಇನ್ನೊಂದು ಮುಖವೂ ಇದೆ. ಅವರು ಒಂದಾದದ್ದು ವಿಜಯನಗರದ ವಿರುದ್ಧ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ನಡೆದು, ಹಂಪಿ ಹಾಳಾಯಿತು. ಇಬ್ಬರ ಶಾಂತಿಗೆ ಮೂರನೆಯವರು ಬೆಲೆ ತೆತ್ತರು. ಆ ಸ್ನೇಹವೂ ಬಹುಕಾಲ ಬಾಳಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಕ್ಯೂಬಾ. 1962ರಲ್ಲಿ ಅಮೆರಿಕ ಮತ್ತು ಸೋವಿಯತ್ ರಷ್ಯಾ ಅಣುಯುದ್ಧದ ಅಂಚಿಗೆ ಬಂದಿದ್ದವು. ರಷ್ಯಾ ಕ್ಯೂಬಾದಿಂದ ಕ್ಷಿಪಣಿ ತೆಗೆಯಿತು; ಅಮೆರಿಕ ಟರ್ಕಿಯಿಂದ ತನ್ನದನ್ನು ತೆಗೆಯಿತು. ಇಬ್ಬರೂ ಮಾತು ಉಳಿಸಿಕೊಂಡರು. 1963ರಲ್ಲಿ ಎರಡು ರಾಜಧಾನಿಗಳ ನಡುವೆ ನೇರ ಸಂಪರ್ಕವೂ ಏರ್ಪಟ್ಟಿತು.

ಒಟ್ಟಿನಲ್ಲಿ ಹೇಳುವುದಾದರೆ, ಹಸ್ತಲಾಘವ, ಔತಣಗಳಿಂದ ಯುದ್ಧ ನಿಲ್ಲುವುದಿಲ್ಲ. ಯಾವುದಕ್ಕಾಗಿ ಜಗಳವೋ ಅದರ ಬಗ್ಗೆ ಸ್ಪಷ್ಟ ಮಾತಾಗಬೇಕು, ಆ ಮಾತು ನಡೆಯಬೇಕು. ಮತ್ತು ಅದರ ಬೆಲೆಯನ್ನು ನಡುವೆ ಸಿಕ್ಕವರ ತಲೆಗೆ ಕಟ್ಟಬಾರದು. ಎರಡು ರಾಜ್ಯಗಳ ಗಡಿಯಲ್ಲಿ ಬಾಳುವ ನಮಗೆ ಇದು ಬೇಗ ಅರ್ಥವಾಗುತ್ತದೆ.