ಹಗ್ಗವಿಲ್ಲದ ಹಾವು

ಮಬ್ಬುಗತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರಿದವನ ದೃಷ್ಟಾಂತವನ್ನು ಹರಿಕಥೆಗಳಲ್ಲಿ, ಪ್ರವಚನಗಳಲ್ಲಿ ನೀವು ಎಷ್ಟೋ ಸಲ ಕೇಳಿರುತ್ತೀರಿ. ಅಲ್ಲಿ ಹಾವು ಸುಳ್ಳಾದರೂ ಹಗ್ಗ ನಿಜ. ದೀಪ ತಂದೊಡನೆ ಹಾವು ಹೋಗಿ ಹಗ್ಗ ಉಳಿಯುತ್ತದೆ. ಆದರೆ ಹಗ್ಗವೇ ಇಲ್ಲದ ಬರಿಯ ನೆಲದ ಮೇಲೆ ಹಾವು ಕಂಡರೆ, ದೀಪ ತಂದರೂ ಅಲ್ಲಿಯೇ ಹರಿದಾಡುತ್ತಿದ್ದರೆ, ಅದನ್ನು ಏನೆನ್ನಬೇಕು? ಮೊದಲನೆಯದು ಭ್ರಮೆ, ಎರಡನೆಯದನ್ನು ಭ್ರಾಂತಿದರ್ಶನವೆಂದು ಕರೆಯೋಣ. ಈ ಲೇಖನ ಎರಡನೆಯದನ್ನು ಕುರಿತದ್ದು.

ಅದು ಬುದ್ಧಿ ಕೆಟ್ಟವರಿಗೆ ಮಾತ್ರ ಬರುವಂಥದೆಂದು ಭಾವಿಸಬೇಡಿ. ಕಣ್ಣು ಮುಚ್ಚಿ, ರೆಪ್ಪೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. (ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ಈ ಪ್ರಯೋಗಕ್ಕೆ ಹೋಗಬಾರದು.) ಕತ್ತಲಲ್ಲಿ ಒಂದು ಬೆಳಕಿನ ಬಳೆ ಕಾಣುತ್ತದೆ. ಹೊರಗಿನಿಂದ ಬೆಳಕು ಬಂದಿಲ್ಲ, ಬಂದದ್ದು ಒತ್ತಡ ಮಾತ್ರ. ಆದರೆ ಕಣ್ಣಿನ ನರದ ಮೂಲಕ ಬಂದ ಸುದ್ದಿಯನ್ನೆಲ್ಲ ಬೆಳಕೆಂದೇ ಓದುವುದು ಮಿದುಳಿನ ರೂಢಿ. ನೋಡುವ ಕೆಲಸದಲ್ಲಿ ಕಣ್ಣು ಟಪಾಲಿನವನಿದ್ದಂತೆ. ಕಾಗದವನ್ನು ಓದುವವನು ತಲೆಯ ಹಿಂಭಾಗದಲ್ಲಿ, ಮಿದುಳಿನ ದೃಷ್ಟಿಕೇಂದ್ರದಲ್ಲಿ ಕುಳಿತಿದ್ದಾನೆ. ಕಾಗದ ಬಾರದಿದ್ದರೂ ಓದುವ ಚಾಳಿ ಅವನಿಗೆ ಉಂಟು.

ಈ ಓದುವವನನ್ನು ಕೆಣಕುವ ವಸ್ತುಗಳಲ್ಲಿ ಹೆಸರಾದದ್ದು ಎಲ್.ಎಸ್.ಡಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಅವರು ಇದನ್ನು 1938ರಲ್ಲಿಯೇ ತಯಾರಿಸಿದ್ದರು. ಅದರ ಗುಣ ತಿಳಿಯಲು ಐದು ವರ್ಷ ಹಿಡಿಯಿತು. 1943ರ ಏಪ್ರಿಲ್ 19ರಂದು ಒಂದು ಮಿಲಿಗ್ರಾಂನ ಕಾಲುಭಾಗವನ್ನು, ಅತ್ಯಲ್ಪವೆಂದೇ ನಂಬಿ, ತಾವೇ ಸೇವಿಸಿದರು. ತುಸು ಹೊತ್ತಿಗೆಲ್ಲ ಮಾತನಾಡುವುದೇ ಕಷ್ಟವಾಯಿತು. ಯುದ್ಧದ ಕಾಲ, ಮೋಟಾರು ಸಿಗದು. ಪ್ರಯೋಗಶಾಲೆಯ ಸಹಾಯಕರನ್ನು ಜೊತೆಗಿಟ್ಟುಕೊಂಡು ಸೈಕಲ್ಲಿನಲ್ಲಿ ಮನೆ ಸೇರಿದರು. ಹಾಲು ತಂದುಕೊಟ್ಟ ನೆರೆಮನೆಯಾಕೆ ಅವರ ಕಣ್ಣಿಗೆ ಬಣ್ಣದ ಮುಖವಾಡ ತೊಟ್ಟ ಮಾಟಗಾತಿಯಾಗಿ ಕಂಡಳು. ಪಾಪ, ಆಕೆ ಮಾಡಿದ್ದು ಉಪಕಾರ! ಇದಿನ್ನೂ ಹಗ್ಗ-ಹಾವಿನ ಜಾತಿಯದು. ಆಕೆ ಅಲ್ಲಿದ್ದದ್ದು ನಿಜವಷ್ಟೆ. ಭಯ ಇಳಿದ ಮೇಲೆ, ಕಣ್ಣು ಮುಚ್ಚಿದಾಗ, ಬಣ್ಣಬಣ್ಣದ ವೃತ್ತಗಳೂ ಸುರುಳಿಗಳೂ ಅರಳಿ ಮುಚ್ಚತೊಡಗಿದವು. ಬಾಗಿಲ ಹಿಡಿಯ ಸದ್ದು, ಹಾದುಹೋಗುವ ಕಾರಿನ ಸದ್ದು ಕೂಡ ಚಿತ್ರಗಳಾದವು. ಇದು ಹಗ್ಗವಿಲ್ಲದ ಹಾವು.

ವೃತ್ತ, ಸುರುಳಿಗಳೇ ಏಕೆ? ಮೆಕ್ಸಿಕೋದ ಪೆಯೋಟೆ ಎಂಬ ಕಳ್ಳಿಯಲ್ಲಿರುವ ಮೆಸ್ಕಲಿನ್ ವಸ್ತುವನ್ನು ಕುರಿತು 1920ರ ದಶಕದಲ್ಲಿ ಸಂಶೋಧನೆ ನಡೆಸಿದ ಹೈನ್ರಿಚ್ ಕ್ಲೂವರ್ ಅವರು, ಅದನ್ನು ಸೇವಿಸಿದವರು ಕಂಡ ಚಿತ್ರಗಳಲ್ಲಿ ನಾಲ್ಕೇ ಮಾದರಿಗಳು ಮರಳಿ ಮರಳಿ ಬರುತ್ತವೆಂದು ಗುರುತಿಸಿದರು: ಜೇನುಗೂಡಿನಂಥ ಜಾಲಂಧ್ರ, ಜೇಡರ ಬಲೆ, ಸುರಂಗ, ಸುರುಳಿ. ಇದಕ್ಕೆ ಒಂದು ಸೊಗಸಾದ ಉತ್ತರವನ್ನು 1979ರಲ್ಲಿ ಎರ್ಮೆಂಟ್ರೌಟ್ ಮತ್ತು ಕೋವನ್ ಎಂಬ ಗಣಿತಜ್ಞರು ಕೊಟ್ಟರು. ನಾವು ನೋಡುವ ದೃಶ್ಯ ದೃಷ್ಟಿಕೇಂದ್ರದ ಮೇಲೆ ಇದ್ದಂತೆಯೇ ಮೂಡುವುದಿಲ್ಲ. ನೋಟದ ನಡುಭಾಗಕ್ಕೆ ಅಲ್ಲಿ ಬಹಳ ಜಾಗ, ಅಂಚಿಗೆ ಕಡಮೆ. ಈ ಎಳೆದಾಟದಿಂದಾಗಿ ಕಣ್ಣೆದುರಿನ ವೃತ್ತವು ಮಿದುಳಿನಲ್ಲಿ ಸುಮಾರಾಗಿ ನೇರ ಪಟ್ಟೆಯಾಗಿ ಬೀಳುತ್ತದೆ. ಈಗ ತಿರುಗಿಸಿ ನೋಡಿ. ನರಕೋಶಗಳಲ್ಲಿ ಒಂದನ್ನೊಂದು ಹುರಿದುಂಬಿಸುವವೂ ತಡೆಯುವವೂ ಇವೆ. ಸಮತೂಕ ತಪ್ಪಿದರೆ, ಗಾಳಿ ಬೀಸಿದ ಮರಳಿನ ಮೇಲೆ ಅಲೆಗೆರೆಗಳು ಏಳುವಂತೆ, ಕೇಂದ್ರದ ತುಂಬ ಚಟುವಟಿಕೆಯ ಪಟ್ಟೆಗಳು ತಾವಾಗಿ ಏಳುತ್ತವೆ. ಪಟ್ಟೆ ಒಂದು ದಿಕ್ಕಿನಲ್ಲಿದ್ದರೆ ಬಳೆಗಳು, ಅಡ್ಡ ದಿಕ್ಕಿನಲ್ಲಿದ್ದರೆ ಕಿರಣಗಳು, ಓರೆಯಾಗಿದ್ದರೆ ಸುರುಳಿ. ಕಾಣುತ್ತಿರುವುದು ಹೊರಗಿನ ಲೋಕವಲ್ಲ, ನಮ್ಮ ಮಿದುಳಿನ ನೇಯ್ಗೆಯೇ!

ಸಮತೂಕ ತಪ್ಪಿಸುವುದು ಹೇಗೆಂಬುದೂ ಬಹುಮಟ್ಟಿಗೆ ತಿಳಿದಿದೆ. ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರಟೋನಿನ್ ಎಂಬ ದ್ರವ್ಯವುಂಟು. ಎಲ್.ಎಸ್.ಡಿ. ಅದನ್ನು ಹೋಲುವುದರಿಂದ, 2ಎ ಎಂಬ ಅದರ ಬೀಗಕ್ಕೆ ಕಳ್ಳಕೀಲಿಯಾಗುತ್ತದೆ. ಕೆಟಾನ್ಸೆರಿನ್ ಎಂಬ ಔಷಧದಿಂದ ಆ ಬೀಗವನ್ನು ಮೊದಲೇ ಮುಚ್ಚಿದರೆ ದರ್ಶನಗಳು ಬರುವುದಿಲ್ಲ.

ಹಾಗಾದರೆ ಅವುಗಳ ಅರ್ಥ? ಬಳೆ ಜಾಲಂಧ್ರಗಳಲ್ಲಿ ಸಂದೇಶ ಹುಡುಕುವುದು, ಗ್ರಾಮಾಫೋನ್ ತಟ್ಟೆಯ ಗರಗರ ಸದ್ದಿಗೆ ರಾಗದ ಹೆಸರಿಟ್ಟಂತೆ. ಮುಖಗಳು, ಊರುಗಳು, ತೀರಿಹೋದ ಬಂಧುಗಳು ಕಂಡರೆ ಮಾತು ಬೇರೆ; ಅವು ನೋಡುವವನ ನೆನಪಿನ ಉಗ್ರಾಣದಿಂದ ಬಂದವು. ಆದರೆ ಇಲ್ಲೊಂದು ತೊಡಕಿದೆ. 2017ರಲ್ಲಿ ಪ್ರಕಟವಾದ ಜ್ಯೂರಿಕ್ ನಗರದ ಪ್ರಯೋಗವೊಂದರಲ್ಲಿ, ತಮಗೆ ಏನೂ ಅನ್ನಿಸದ ಸಂಗೀತವನ್ನು ಎಲ್.ಎಸ್.ಡಿ. ಸೇವಿಸಿ ಕೇಳಿದವರಿಗೆ ಅದೇ ಸಂಗೀತ ಅರ್ಥಗರ್ಭಿತವಾಗಿ ತೋರಿತು. ಕೆಟಾನ್ಸೆರಿನ್ ಕೊಟ್ಟಾಗ ಆ ಮಹತ್ತ್ವ ಮಾಯ! ಅಂದರೆ ‘ಇದರಲ್ಲಿ ಏನೋ ದೊಡ್ಡ ಅರ್ಥವಿದೆ’ ಎಂಬ ಭಾವನೆಯನ್ನೂ ಆ ಬೀಗ ತೆರೆದು ಬರಿಸಬಹುದು. ಹಾಗೆ ಹೊಳೆದದ್ದೆಲ್ಲ ಸುಳ್ಳೆಂದು ನಾನು ಹೇಳಲಾರೆ; ಹೊಳೆದ ರಭಸವೇ ಅದರ ಸತ್ಯಕ್ಕೆ ಸಾಕ್ಷಿಯಲ್ಲ ಎಂದಷ್ಟೇ ಹೇಳಬಲ್ಲೆ. (ನಮ್ಮಲ್ಲಿ 1985ರ ಕಾನೂನಿನಂತೆ ಈ ವಸ್ತು ನಿಷಿದ್ಧ. ಮನೋರೋಗದ ಹಿನ್ನೆಲೆಯುಳ್ಳ ಮನೆತನದವರಿಗೆ ಅಪಾಯವೂ ಹೆಚ್ಚು.)

ಔಷಧದ ಹಂಗಿಲ್ಲದೆಯೂ ಇಂಥ ದರ್ಶನಗಳುಂಟು, ಅವು ನಿಮ್ಮ ಮನೆಯಲ್ಲೇ ಇರಬಹುದು. ಜಿನೀವದ ಶಾರ್ಲ್ ಬಾನೆ ಎಂಬ ಪಂಡಿತರು 1760ರಲ್ಲಿ ತಮ್ಮ ತಾತನ ವಿಷಯ ಬರೆದರು. ಪೊರೆಯಿಂದ ಆ ವೃದ್ಧರ ದೃಷ್ಟಿ ಕುಂದಿತ್ತು, ಬುದ್ಧಿ ಚುರುಕಾಗಿತ್ತು. ಆದರೂ ಗಂಡಸರು, ಹೆಂಗಸರು, ಹಕ್ಕಿಗಳು, ಸಾರೋಟುಗಳು, ಕಟ್ಟಡಗಳು ಅವರ ಎದುರಿಗೆ ಬಂದು ಹೋಗುತ್ತಿದ್ದವು. ಅವು ನಿಜವಲ್ಲವೆಂದು ಅವರಿಗೇ ಗೊತ್ತಿತ್ತು. ನಿಮ್ಮ ರೇಡಿಯೋದಲ್ಲಿ ನಿಲಯದ ಪ್ರಸಾರ ನಿಂತಾಗ ಪೆಟ್ಟಿಗೆ ತಾನೇ ಗೊರಗುಟ್ಟುವುದಿಲ್ಲವೆ? ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ದೃಷ್ಟಿಕೇಂದ್ರದ ಪಾಡೂ ಅಂಥದೇ. 1998ರಲ್ಲಿ ಲಂಡನ್ನಿನಲ್ಲಿ ಇಂಥವರ ಮಿದುಳಿನ ಚಿತ್ರ ತೆಗೆದಾಗ, ಬಣ್ಣಗಳನ್ನು ಕಂಡವರಲ್ಲಿ ಬಣ್ಣ ಗುರುತಿಸುವ ಭಾಗವೂ, ಮುಖಗಳನ್ನು ಕಂಡವರಲ್ಲಿ ಮುಖ ಗುರುತಿಸುವ ಭಾಗವೂ ಎಚ್ಚತ್ತಿದ್ದವು.

ಕಣ್ಣು ಮಂಜಾದ ಅಜ್ಜಿಯೊಬ್ಬರು ‘ಜಗಲಿಯ ಮೇಲೆ ಯಾರ ಮಕ್ಕಳು ಕೂತಿವೆ?’ ಎಂದು ಕೇಳಿದರೆ ಗದರಬೇಡಿ. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಲೂ ಓಡಬೇಡಿ. ಎಷ್ಟೋ ಹಿರಿಯರು, ಮನೆಯವರು ಹುಚ್ಚೆಂದಾರೆಂದು ಹೆದರಿ, ಕಂಡದ್ದನ್ನು ಹೇಳದೆ ನುಂಗಿಕೊಂಡಿರುತ್ತಾರೆ. ಕಣ್ಣಿನ ವೈದ್ಯರಿಗೆ ತೋರಿಸಿ. ಪೊರೆಯೇ ಕಾರಣವಾದರೆ ಅದನ್ನು ತೆಗೆಸಬಹುದು. ಜ್ವರವಿದ್ದರೆ, ಮಾತು ತಡವರಿಸಿದರೆ, ಕಂಡದ್ದನ್ನು ನಿಜವೆಂದೇ ಹಟ ಹಿಡಿದರೆ, ಕಾರಣ ಬೇರೆ ಇರಬಹುದು; ಆಗ ಸಾಮಾನ್ಯ ವೈದ್ಯರನ್ನೂ ತಡಮಾಡದೆ ಕಾಣಬೇಕು. ಉಳಿದಂತೆ, ಮಕ್ಕಳು ಕಂಡಾಗ ಅಜ್ಜಿ ಕಣ್ಣುಗುಡ್ಡೆಯನ್ನು ಎಡಕ್ಕೂ ಬಲಕ್ಕೂ ನಾಲ್ಕಾರು ಸಲ ಹೊರಳಿಸಿ ನೋಡಲಿ. ಕೋಣೆ ಕತ್ತಲಾಗಿದ್ದರೆ ನೀವು ಒಂದು ದೀಪ ಹಾಕಿ. ಕೆಲವರಿಗೆ ಅಷ್ಟಕ್ಕೇ ಅವು ಎದ್ದು ಹೋಗುವುದುಂಟು.