ಪವನ, ಸೌರ ವಿದ್ಯುತ್ ಯೋಜನೆಗಳು ಮತ್ತು ಊರಿನ ಒಪ್ಪಿಗೆ
ಗಾಳಿಯಂತ್ರಗಳಿಗೆ ಜನ ತೋರುವ ವಿರೋಧವನ್ನು ನೆದರ್ಲೆಂಡ್ಸ್‌ನ ಸಂಶೋಧಕ ಮಾರ್ಟೆನ್ ವೋಲ್ಸಿಂಕ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ‘ನಮ್ಮೂರಲ್ಲಿ ಬೇಡ’ ಎಂಬ ಸ್ವಾರ್ಥವೇ ವಿರೋಧಕ್ಕೆ ಕಾರಣವೆಂಬ ವಾದವನ್ನು ಅವರು ಒಪ್ಪುವುದಿಲ್ಲ. ತೀರ್ಮಾನ ನ್ಯಾಯಯುತವಾಗಿತ್ತೇ ಎಂಬುದೇ ಮುಖ್ಯವೆನ್ನುತ್ತಾರೆ.

ನಮ್ಮ ಪಾವಗಡ ಸೌರ ಪಾರ್ಕನ್ನೇ ನೋಡಿ. ಸುಮಾರು 13,000 ಎಕರೆ ಜಮೀನನ್ನು ಖರೀದಿಸದೆ ಗುತ್ತಿಗೆಗೆ ಪಡೆದದ್ದರಿಂದ ಒಡೆತನ ರೈತರಲ್ಲೇ ಉಳಿಯಿತು. ಎಕರೆಗೆ ವಾರ್ಷಿಕ 21,000 ರೂಪಾಯಿ ಬಾಡಿಗೆ ನಿಗದಿಯಾಯಿತು. ಪದೇ ಪದೇ ಬರ ಬೀಳುವ ಆ ಸೀಮೆಯಲ್ಲಿ ಶೇಂಗಾ ಇಷ್ಟು ನಿಶ್ಚಿತ ಆದಾಯ ಕೊಡದು. ಆದರೆ ಅದೇ ಹೊಲಗಳಲ್ಲಿ ದುಡಿಯುತ್ತಿದ್ದ ಭೂರಹಿತರಿಗೆ ಬಾಡಿಗೆ ಬರಲಿಲ್ಲ, ಕೂಲಿಯೂ ತಪ್ಪಿತು. ಪಹಣಿಯಲ್ಲಿ ಹೆಸರಿದ್ದವರನ್ನಷ್ಟೇ ಕೇಳಿ ಪಡೆದದ್ದನ್ನು ಊರಿನ ಒಪ್ಪಿಗೆ ಎನ್ನಲಾಗದು. ವಿಸ್ತರಣಾ ಕಾರ್ಯಕರ್ತರು ಕೂಲಿಕಾರರನ್ನೂ ಸಭೆಗೆ ಕರೆಯಬೇಕು. ರೈತರು ಸಹಿ ಹಾಕುವ ಮುನ್ನ ಗುತ್ತಿಗೆಯ ಅವಧಿ, ಬಾಡಿಗೆ ಏರಿಕೆ, ಕೊನೆಗೆ ಕಂಬ-ಕಾಂಕ್ರೀಟ್ ತೆಗೆಸುವ ಹೊಣೆ ಯಾರದೆಂಬುದನ್ನು ಕರಾರುಪತ್ರದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.